ಚಿಪ್ ಅಂಗಡಿಯ ಕರಿ ಸಾಸ್: ಒಗ್ಗರಣೆ ಬೇಡ, ಸೇಬು ಬೇಕು

ಬ್ರಿಟನ್ನಿಗೆ ಬಂದ ನಮ್ಮವರು ಇಲ್ಲಿನ ಚಿಪ್ ಅಂಗಡಿಯ ಕರಿ (curry) ಸಾಸ್ ನೋಡಿ ಮೊದಲು ನಗುತ್ತಾರೆ. ಆಮೇಲೆ ಬೈಯುತ್ತಾರೆ. ಇನ್ನೂ ಸ್ವಲ್ಪ ಕಾಲ ಕಳೆದ ಮೇಲೆ, ಮಳೆ ಹಿಡಿದ ಯಾವುದೋ ಶುಕ್ರವಾರ ಸಂಜೆ, ಯಾರಿಗೂ ಹೇಳದೆ ಒಂದು ಡಬ್ಬಿ ತಂದು ನಿಂತಲ್ಲೇ ಖಾಲಿ ಮಾಡುತ್ತಾರೆ. ನಾನಂತೂ ಈ ಕೊನೇ ಗುಂಪಿನವಳು. ನಾಚಿಕೆ ಏನೂ ಇಲ್ಲ.

ಏನಿದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬೆರಳು ಗಾತ್ರಕ್ಕೆ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ (ಇಲ್ಲಿ ಚಿಪ್ಸ್ ಅನ್ನುವುದು ಇದಕ್ಕೇ), ಅದಕ್ಕೆ ಉಪ್ಪು, ವಿನೆಗರ್, ಮೇಲಿಂದ ಧಾರಾಳವಾಗಿ ಸುರಿದ ಹಳದಿ-ಕಂದು ಬಣ್ಣದ ಸಾಸ್. ನುಣ್ಣಗಿರುತ್ತದೆ, ಹೊಳೆಯುತ್ತದೆ. ನಾಲಿಗೆಗೆ ಮೊದಲು ಸಿಹಿ ತಾಕುತ್ತದೆ, ಹಿಂದೆಯೇ ಮೆಂತ್ಯದ ಘಮ ಬರುತ್ತದೆ, ಕೊನೆಗೆ ಎಲ್ಲೋ ಒಂಚೂರು ಖಾರ. ತರಕಾರಿ ಹೋಳು ಇರುವುದಿಲ್ಲ, ಕೊತ್ತಂಬರಿ ಸೊಪ್ಪು ಇರುವುದಿಲ್ಲ, ಸಾಸಿವೆ ಕರಿಬೇವು ಅಂತೂ ಕೇಳಲೇಬೇಡಿ.

ನಾನಿರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಇಲ್ಲಿ ಊರ ಮಧ್ಯೆ ಕ್ಯಾರೊಲೈನ್ ಸ್ಟ್ರೀಟ್ ಅಂತ ಒಂದು ಗಲ್ಲಿ ಇದೆ. ಆ ಹೆಸರು ಹೇಳಿದರೆ ಎಷ್ಟೋ ಜನ ಒಂದು ಕ್ಷಣ ಯೋಚಿಸುತ್ತಾರೆ, 'ಚಿಪ್ಪಿ ಲೇನ್' (ಚಿಪ್ ಅಂಗಡಿ ಗಲ್ಲಿ) ಅಂದರೆ ತಕ್ಷಣ ಕೈ ತೋರಿಸುತ್ತಾರೆ. ರಾತ್ರಿ ಹನ್ನೊಂದರ ಮೇಲೆ, ಅದರಲ್ಲೂ ರಗ್ಬಿ ಪಂದ್ಯ ಇದ್ದ ದಿನ, ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ 'ಹಾಫ್ ಅಂಡ್ ಹಾಫ್' ಕೇಳಿದರೆ ಅರ್ಧ ಅನ್ನ, ಅರ್ಧ ಚಿಪ್ಸ್ ಹಾಕಿ ಮೇಲೆ ಕರಿ ಸುರಿದು ಕೊಡುತ್ತಾರೆ. ಅನ್ನದ ಜೊತೆ ಆಲೂಗಡ್ಡೆ ಏನಪ್ಪಾ ಅಂತ ಇಂಗ್ಲಿಷರು ವೇಲ್ಸ್‌ನವರನ್ನು ಗೇಲಿ ಮಾಡುತ್ತಾರೆ. ಅನ್ನಕ್ಕೆ ಆಲೂಗಡ್ಡೆ ಪಲ್ಯ ನೆಂಚಿಕೊಂಡು ಬೆಳೆದ ನಮಗೆ ಅದೇನು ದೊಡ್ಡ ವಿಷಯ ಹೇಳಿ? ಐರ್ಲೆಂಡಿನಲ್ಲಿ ಇದರ ಅಣ್ಣ ಒಬ್ಬ ಇದ್ದಾನೆ, 'ತ್ರೀ ಇನ್ ಒನ್' ಅಂತ, ಅದರಲ್ಲಿ ಫ್ರೈಡ್ ರೈಸ್, ಚಿಪ್ಸ್, ಕರಿ ಸಾಸ್ ಮೂರೂ ಒಂದೇ ಡಬ್ಬಿಯಲ್ಲಿ. ಇಂಗ್ಲೆಂಡಿನ ಉತ್ತರದಲ್ಲೂ ಮಧ್ಯಭಾಗದಲ್ಲೂ ಕರಿ ಸಾಸ್ ಇಲ್ಲದ ಚಿಪ್ ಅಂಗಡಿ ಸಿಗುವುದು ಕಷ್ಟ. ದಕ್ಷಿಣಕ್ಕೆ ಹೋದಷ್ಟೂ ಇದರ ಭಕ್ತರು ಕಮ್ಮಿ.

ಮನೆಯಲ್ಲಿ ಮಾಡುವ ವಿಷಯಕ್ಕೆ ಬರುವ ಮೊದಲು ಒಂದು ಮಾತು. ಇದನ್ನು 'ಕೆಟ್ಟುಹೋದ ಇಂಡಿಯನ್ ಅಡುಗೆ' ಅಂದುಕೊಂಡು ಶುರು ಮಾಡಿದರೆ ಖಂಡಿತ ಸರಿಬರುವುದಿಲ್ಲ. ನಮ್ಮ ಕೈ ಸುಮ್ನೆ ಇರುವುದಿಲ್ಲ ನೋಡಿ. ಸ್ವಲ್ಪ ಇಂಗು ಹಾಕೋಣ, ಎರಡು ಹಸಿಮೆಣಸಿನಕಾಯಿ ಸೀಳಿ ಹಾಕೋಣ, ಹುಣಸೆ ಕಿವುಚೋಣ, ಕೊನೆಗೆ ಒಂದು ಒಗ್ಗರಣೆ ಕೊಡೋಣ ಅಂತ 'ಸುಧಾರಿಸುತ್ತಾ' ಹೋಗುತ್ತೇವೆ. ಕೊನೆಗೆ ಸಿಗುವುದು ಒಂದು ಸಾಧಾರಣ ಹುಳಿ. ಅದು ಚಿಪ್ಸ್ ಮೇಲೆ ಚೆನ್ನಾಗಿರುವುದಿಲ್ಲ, ಅನ್ನಕ್ಕೂ ಆಗುವುದಿಲ್ಲ. ಇದು ಬೇರೆ ಮನೆಯ ಅಡುಗೆ. ಅದರ ಲೆಕ್ಕ ಬೇರೆ.

ಆ ಲೆಕ್ಕ ಎಲ್ಲಿಂದ ಬಂತು ಅಂತ ನೋಡಿದರೆ ಮಜಾ ಇದೆ. ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲೇ ತನ್ನ ಅಡುಗೆ ಪುಸ್ತಕದಲ್ಲಿ ಕರಿ ಮಾಡುವುದನ್ನು ಬರೆದಿದ್ದಳು. ಈಸ್ಟ್ ಇಂಡಿಯಾ ಕಂಪನಿ ನೌಕರಿ ಮುಗಿಸಿ ಬಂದ ಸಾಹೇಬರಿಗೆ ಇಲ್ಲಿಯೂ ಆ ರುಚಿ ಬೇಕಿತ್ತು, ಆದರೆ ಅಡುಗೆಮನೆಯಲ್ಲಿ ಅರೆಯುವ ಕಲ್ಲು ಇರಲಿಲ್ಲ, ಅರೆಯುವವರೂ ಇರಲಿಲ್ಲ. ಹಾಗಾಗಿ ಡಬ್ಬಿಯಲ್ಲಿ ಬರುವ ಕರಿ ಪೌಡರ್. ಹುಣಸೆ, ಮಾವಿನಕಾಯಿ ಸಿಗದ ಊರಲ್ಲಿ ಹುಳಿಗೆ ಸೇಬು. ತೆಂಗಿನಕಾಯಿ, ಗೋಡಂಬಿ ಅರೆದು ಮಂದ ಮಾಡುವ ಬದಲು, ತಮ್ಮ ಗ್ರೇವಿಗೆ ಮಾಡುವ ಹಾಗೆ ಬೆಣ್ಣೆಯಲ್ಲಿ ಹುರಿದ ಮೈದಾ. ವಿಕ್ಟೋರಿಯಾ ರಾಣಿಯ ಕಾಲದ ಹೊತ್ತಿಗೆ ಕರಿ ಪೌಡರ್, ಸೇಬು, ಮೈದಾ ಈ ಮೂರೂ ಸೇರಿ ಇಂಗ್ಲಿಷ್ ಕರಿ ಅನ್ನುವುದು ಗಟ್ಟಿಯಾಗಿ ಕೂತುಬಿಟ್ಟಿತ್ತು. ಇದೇ ಇಂಗ್ಲಿಷ್ ಕರಿ ಹಡಗು ಹತ್ತಿ ಜಪಾನಿಗೂ ಹೋಯಿತು. ಇವತ್ತು ಬೆಂಗಳೂರಿನ ಮಾಲ್‌ಗಳಲ್ಲಿ ನಾವು ದುಡ್ಡು ಸುರಿದು ತಿನ್ನುವ ಕಾತ್ಸು ಕರಿ ಇದರ ಹತ್ತಿರದ ಸಂಬಂಧಿ. ಅದಕ್ಕೆ ವಾಹ್ ಅನ್ನುವವರೇ ಇದಕ್ಕೆ ಛೀ ಅನ್ನುತ್ತಾರೆ, ಅದು ನನಗೆ ಅರ್ಥವಾಗದ ವಿಷಯ.

ಚಿಪ್ ಅಂಗಡಿಗೆ ಇದು ಬಂದದ್ದರಲ್ಲಿ ಚೀನೀಯರ ಪಾಲು ದೊಡ್ಡದು. ಮೀನು-ಚಿಪ್ಸ್ ಅಂಗಡಿಗಳು ಇಲ್ಲಿ 1860ರ ಆಸುಪಾಸಿನಿಂದ ಇವೆ. ಮೊದಲ ಅಂಗಡಿ ಲಂಡನ್ನಿನ ಜೋಸೆಫ್ ಮಾಲಿನ್‌ದಾ, ಲ್ಯಾಂಕಶೈರ್ ಕಡೆಯ ಜಾನ್ ಲೀಸ್‌ದಾ ಅನ್ನುವ ಜಗಳ ಇನ್ನೂ ನಡೆದಿದೆ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ, ಬೆಣ್ಣೆ, ಮಾಂಸ ಎಲ್ಲಕ್ಕೂ ರೇಷನ್ ಬಂದರೂ ಮೀನು-ಚಿಪ್ಸ್‌ಗೆ ಮಾತ್ರ ಬರಲಿಲ್ಲ, ಜನರಿಗೆ ಅದರ ಮೇಲೆ ಅಷ್ಟು ಪ್ರೀತಿ. ಯುದ್ಧ ಮುಗಿದ ಮೇಲೆ, 1950-60ರ ದಶಕಗಳಲ್ಲಿ, ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಕಡೆಯ ರೈತ ಕುಟುಂಬಗಳು ಗದ್ದೆ ಬೇಸಾಯ ಕೈಕೊಟ್ಟು ಇಲ್ಲಿಗೆ ಬಂದವು. ಅವರಲ್ಲಿ ಅನೇಕರು ನಡೆಯುತ್ತಿದ್ದ ಚಿಪ್ ಅಂಗಡಿಗಳನ್ನೇ ಕೊಂಡು, ಮೀನು-ಚಿಪ್ಸ್ ಜೊತೆಗೆ ನೂಡಲ್ಸು, ಫ್ರೈಡ್ ರೈಸು, ಕರಿ ಎಲ್ಲ ಮಾರತೊಡಗಿದರು. ಆ ಕರಿಯಲ್ಲಿ ಇಂಗ್ಲಿಷರ ಕರಿ ಪೌಡರೂ ಇದೆ, ಚೀನೀ ಅಡುಗೆಮನೆಯ ಚಕ್ರಮೊಗ್ಗು ಮತ್ತು ಸೋಯಾ ಸಾಸೂ ಇದೆ. ಭಾರತದಿಂದ ಹೊರಟು, ಇಂಗ್ಲೆಂಡಿನ ಅಡುಗೆಮನೆ ಸೇರಿ, ಹಾಂಗ್‌ಕಾಂಗ್‌ನವರ ಕೈಯಲ್ಲಿ ಬೆಂದು ಬಂದ ಪದಾರ್ಥ ಇದು. ಇದರಲ್ಲಿ ನಮ್ಮ ರುಚಿ ಹುಡುಕಿದರೆ ಎಲ್ಲಿ ಸಿಗಬೇಕು?

ಒಂದು ನಿಜ ಹೇಳಿಬಿಡುತ್ತೇನೆ. ಹೆಚ್ಚಿನ ಅಂಗಡಿಗಳಲ್ಲಿ ಇದನ್ನು ಈರುಳ್ಳಿ ಹೆಚ್ಚಿ ಮೊದಲಿಂದ ಮಾಡುವುದೇ ಇಲ್ಲ. ದೊಡ್ಡ ಬಕೆಟ್ಟಿನಲ್ಲಿ ಪುಡಿಯೋ ಪೇಸ್ಟೋ ಬರುತ್ತದೆ, ನೀರಿಗೆ ಹಾಕಿ ಕುದಿಸಿದರೆ ಮುಗಿಯಿತು. ಮನೆಗೂ ಸಿಗುತ್ತದೆ. ಚೀನೀ ಅಂಗಡಿಗೆ ಹೋದರೆ ಮೇಸನ್, ಗೋಲ್ಡ್‌ಫಿಶ್ ಇಂಥ ಬ್ರಾಂಡ್‌ಗಳ ಡಬ್ಬಿ ಇರುತ್ತವೆ. ಅವಸರಕ್ಕೆ ಅದೇ ಸಾಕು. ಆದರೆ ಮನೆಯಲ್ಲಿ ಮಾಡಿದರೆ ಉಪ್ಪು, ಸಕ್ಕರೆ, ಮಂದ ಎಲ್ಲ ನಮ್ಮ ಕೈಯಲ್ಲಿರುತ್ತದೆ, ಮತ್ತು ನಿಧಾನವಾಗಿ ಬೆಂದ ಈರುಳ್ಳಿಯ ಸಿಹಿ ಯಾವ ಡಬ್ಬಿಯಲ್ಲೂ ಬರುವುದಿಲ್ಲ.

ಮೊದಲು ಪುಡಿ. ಇಲ್ಲಿದ್ದರೆ ಯಾವುದಾದರೂ ಮೈಲ್ಡ್ ಅಥವಾ ಮೀಡಿಯಂ ಕರಿ ಪೌಡರ್ ತನ್ನಿ. ಊರಲ್ಲಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಕೊತ್ತಂಬರಿ ಬೀಜದ ಪುಡಿ ನಾಲ್ಕು ಚಿಕ್ಕ ಚಮಚ, ಅರಿಸಿನ ಎರಡು, ಜೀರಿಗೆ ಪುಡಿ ಒಂದೂವರೆ, ಮೆಂತ್ಯದ ಪುಡಿ ಒಂದು. ಸಾಸಿವೆ ಪುಡಿ, ಕಾಳುಮೆಣಸಿನ ಪುಡಿ, ಒಣಶುಂಠಿ ಪುಡಿ, ಬ್ಯಾಡಗಿ ಮೆಣಸಿನಪುಡಿ ತಲಾ ಅರ್ಧ. ಚಕ್ಕೆ-ಲವಂಗದ ಪುಡಿ ಚಿಟಿಕೆ. ಮೆಂತ್ಯ ಒಂದು ಚಮಚ ಜಾಸ್ತಿ ಆಯ್ತು ಅನ್ನಿಸುತ್ತದೆ ಅಲ್ವಾ? ಬೇಕು. ಕರಿ ಪೌಡರ್ ಡಬ್ಬಿ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಆ ವಾಸನೆ, ಇಂಗ್ಲಿಷರು 'ಕರಿ ಸ್ಮೆಲ್' ಅನ್ನುವುದು, ಬಹುಪಾಲು ಮೆಂತ್ಯದ್ದೇ. ಮೆಂತ್ಯದಲ್ಲಿ ಸೊಟೊಲಾನ್ ಅನ್ನುವ ಒಂದು ವಸ್ತು ಇದೆ, ತುಂಬಾ ಸ್ವಲ್ಪ ಇದ್ದರೂ ದೂರದವರೆಗೆ ಘಮ್ ಅನ್ನುತ್ತದೆ. ಸ್ವಲ್ಪ ಇದ್ದಾಗ ಅದರ ವಾಸನೆ ಸುಟ್ಟ ಸಕ್ಕರೆಯ ಕಡೆ, ಜಾಸ್ತಿಯಾದರೆ ಕರಿಯ ಕಡೆ. ಸಾಸ್‌ನ ಸಿಹಿಗೂ ಮೆಂತ್ಯಕ್ಕೂ ಅಷ್ಟು ಚೆನ್ನಾಗಿ ಹೊಂದುವುದು ಅದಕ್ಕೇ ಇರಬೇಕು ಅಂತ ನನ್ನ ಲೆಕ್ಕ.

ಸಾರಿನ ಪುಡಿ ಹಾಕಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆಗಲ್ಲ. ನಮ್ಮ ಪುಡಿಯನ್ನು ತುಪ್ಪದಲ್ಲೋ ಎಣ್ಣೆಯಲ್ಲೋ ಕೆಂಪಗೆ ಹುರಿದು ಮಾಡಿರುತ್ತೇವೆ, ಇಂಗು ಕರಿಬೇವು ಇರುತ್ತದೆ, ಮೆಣಸಿನಕಾಯಿ ಜಾಸ್ತಿ, ಅರಿಸಿನ ಕಮ್ಮಿ. ಬಣ್ಣ ಕೆಂಪಾಗುತ್ತದೆ, ಇಂಗಿನ ವಾಸನೆ ಎದ್ದು ನಿಲ್ಲುತ್ತದೆ. ಗರಂ ಮಸಾಲೆ ಹಾಕಿದರೆ ಇನ್ನೊಂದು ಕಡೆ ಹೋಗುತ್ತದೆ. ಇಲ್ಲಿ ಬೇಕಾದ್ದು ಅರಿಸಿನ, ಕೊತ್ತಂಬರಿ, ಮೆಂತ್ಯ ಮುಂದೆ ನಿಂತು ಉಳಿದದ್ದೆಲ್ಲ ಹಿಂದೆ ಇರುವ ಪುಡಿ.

ಸೇಬಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲಿ ಬ್ರಾಮ್ಲಿ ಅಂತ ಅಡುಗೆಗೇ ಇರುವ ಸೇಬು ಸಿಗುತ್ತದೆ. ಕೈತುಂಬ ಬರುವ ದೊಡ್ಡ ಹಸಿರು ಹಣ್ಣು. ಹಾಗೇ ಕಚ್ಚಿದರೆ ಹಲ್ಲು ಚಳಿಯುವಷ್ಟು ಹುಳಿ, ಯಾರೂ ಹಾಗೆ ತಿನ್ನುವುದಿಲ್ಲ. ನಾಟಿಂಗ್‌ಹ್ಯಾಮ್ ಹತ್ತಿರದ ಸೌತ್‌ವೆಲ್ ಊರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಅನ್ನುವ ಹುಡುಗಿ 1809ರಲ್ಲಿ ನೆಟ್ಟ ಬೀಜದಿಂದ ಬಂದ ತಳಿ ಇದು. ಹೆಸರು ಮಾತ್ರ ಆಮೇಲೆ ಆ ಮನೆ ಕೊಂಡ ಬ್ರಾಮ್ಲಿ ಅನ್ನುವವನದ್ದು, ನೆಟ್ಟವಳದ್ದಲ್ಲ. ಬಿಸಿ ತಾಗಿದರೆ ಐದೇ ನಿಮಿಷಕ್ಕೆ ಕರಗಿ ಬೆಣ್ಣೆ ಆಗುತ್ತದೆ, ಆದರೆ ಹುಳಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಅದು ಸಿಗುವುದಿಲ್ಲ. ಗ್ರ್ಯಾನಿ ಸ್ಮಿತ್ ಅಂತ ಹಸಿರು ಸೇಬು ಸಿಗುತ್ತದಲ್ಲ, ಅದು ನಡೆಯುತ್ತದೆ. ಶಿಮ್ಲಾದ ಕೆಂಪು ಸೇಬೇ ಇದ್ದರೆ ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಿ, ಸಕ್ಕರೆ ಬಿಟ್ಟುಬಿಡಿ.

ಕರಿಯಲ್ಲಿ ಹಣ್ಣಾ ಅಂತ ಮೂಗು ಮುರಿಯುವವರಿಗೆ ಒಂದೇ ಪ್ರಶ್ನೆ. ಮದುವೆ ಊಟದಲ್ಲಿ ಅನಾನಸ್ ಗೊಜ್ಜು ಎಷ್ಟು ಸಲ ಬಡಿಸಿಕೊಂಡಿದ್ದೀರಿ?

ಈಗ ಮಾಡೋಣ. ನಾಲ್ಕು ಜನಕ್ಕೆ ಅಳತೆ. ಎರಡು ದೊಡ್ಡ ಈರುಳ್ಳಿ, ಅಂದಾಜು 300 ಗ್ರಾಂ. ಸೇಬು ಒಂದು, 150 ಗ್ರಾಂ ಇದ್ದರೆ ಸಾಕು, ಬ್ರಾಮ್ಲಿ ಆದರೆ ಅರ್ಧ ಹಣ್ಣಿಗೇ ಅಷ್ಟು ಬರುತ್ತದೆ. ಬೆಳ್ಳುಳ್ಳಿ ಮೂರು ಎಸಳು, ಹೆಬ್ಬೆರಳ ತುದಿಯಷ್ಟು ಶುಂಠಿ. ಎಣ್ಣೆ ಮೂರು ದೊಡ್ಡ ಚಮಚ, ಬೇಕಾದರೆ ಅರ್ಧ ಬೆಣ್ಣೆ. ಮೈದಾ ಎರಡು ದೊಡ್ಡ ಚಮಚ, ಕರಿ ಪೌಡರ್ ಒಂದೂವರೆ ದೊಡ್ಡ ಚಮಚ. ಚಕ್ರಮೊಗ್ಗು ಒಂದು. ಟೊಮೆಟೊ ಪ್ಯೂರಿ ಒಂದು ಚಿಕ್ಕ ಚಮಚ, ಸೋಯಾ ಸಾಸ್ ಎರಡು ಚಿಕ್ಕ ಚಮಚ, ಸಕ್ಕರೆ ಒಂದು. ತರಕಾರಿ ಸ್ಟಾಕ್, ಅಂದರೆ ತರಕಾರಿ ಬೇಯಿಸಿ ಸೋಸಿದ ನೀರು, 700 ಮಿ.ಲೀ., ಸ್ಟಾಕ್ ಕ್ಯೂಬ್ ಹಾಕಿದ ಬಿಸಿನೀರೇ ಆಗಬಹುದು. ಉಪ್ಪು ಈಗಲೇ ಜಾಸ್ತಿ ಹಾಕಬೇಡಿ, ಕ್ಯೂಬ್‌ನಲ್ಲೂ ಸೋಯಾದಲ್ಲೂ ಇರುತ್ತದೆ.

ತಳ ದಪ್ಪ ಇರುವ ಪಾತ್ರೆಯಲ್ಲಿ ಎಣ್ಣೆ ಬಿಸಿ ಮಾಡಿ, ಹೆಚ್ಚಿದ ಈರುಳ್ಳಿ, ಚಿಟಿಕೆ ಉಪ್ಪು ಹಾಕಿ, ಉರಿ ಸಣ್ಣಗೆ ಮಾಡಿ ಮುಚ್ಚಿಬಿಡಿ. ಇಲ್ಲಿ ನಮ್ಮ ಕೈಗೆ ಮೊದಲ ಪರೀಕ್ಷೆ. ಕೆಂಪಗೆ ಹುರಿಯಬಾರದು. ಈರುಳ್ಳಿ ತನ್ನ ನೀರಿನಲ್ಲೇ ಬೆಂದು, ಗಾಜಿನ ಹಾಗೆ ಪಾರದರ್ಶಕವಾಗಿ, ಚಮಚದ ಬೆನ್ನಿಂದ ಒತ್ತಿದರೆ ಜಾರಿ ಹೋಗುವಷ್ಟು ಮೆತ್ತಗಾಗಬೇಕು. ಇಪ್ಪತ್ತು ನಿಮಿಷ ಬೇಕು, ನಡುವೆ ಆಗಾಗ ಕೈಯಾಡಿಸಿ. ಅಂಚು ಕಂದಾಗುತ್ತಿದೆ ಅನ್ನಿಸಿದರೆ ಒಂದು ಚಮಚ ನೀರು ಚಿಮುಕಿಸಿ. ಕೆಂಪಾದ ಈರುಳ್ಳಿಯ ರುಚಿ ಒಳ್ಳೆಯದೇ, ಇಲ್ಲ ಅಂದವರು ಯಾರು, ಆದರೆ ಅದು ಸೇರಿದ ಕೂಡಲೇ ಸಾಸ್ ಧಾಬಾ ಕಡೆ ಹೊರಟುಬಿಡುತ್ತದೆ.

ಆಮೇಲೆ ಸಿಪ್ಪೆ ತೆಗೆದು ಹೆಚ್ಚಿದ ಸೇಬು, ಶುಂಠಿ, ಬೆಳ್ಳುಳ್ಳಿ. ಐದು ನಿಮಿಷ. ಸೇಬು ಕರಗತೊಡಗಿದ ಮೇಲೆ ಕರಿ ಪೌಡರ್ ಮತ್ತು ಮೈದಾ ಒಟ್ಟಿಗೆ ಹಾಕಿ. ಈ ಘಟ್ಟದಲ್ಲಿ ಬೇರೆ ಕಡೆ ನೋಡಬೇಡಿ, ಫೋನ್ ಬಂದರೂ ಎತ್ತಬೇಡಿ. ಎಲ್ಲ ಸೇರಿ ಹಳದಿ ಮುದ್ದೆ ಆಗುತ್ತದೆ, ತಳ ಹಿಡಿಯಲು ನೋಡುತ್ತದೆ. ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡದೆ ಕೆದಕುತ್ತಿರಿ. ಮೊದಲು ಹಸಿ ಅರಿಸಿನದ ಮಣ್ಣು ವಾಸನೆ ಬರುತ್ತದೆ, ಅದು ಹೋಗಿ ಮೆಂತ್ಯದ ಘಮ ಬಂತು ಅಂದರೆ ಆಯಿತು. ಮಸಾಲೆಯ ಬಣ್ಣ, ವಾಸನೆ ಎಣ್ಣೆಯಲ್ಲಿ ಬಿಡುವಷ್ಟು ನೀರಿನಲ್ಲಿ ಬಿಡುವುದಿಲ್ಲ. ಮೈದಾದ ಹಸಿ ರುಚಿಯೂ ಇಲ್ಲೇ ಹೋಗಬೇಕು. ಈ ಎರಡು ನಿಮಿಷ ತಪ್ಪಿಸಿದರೆ ಎಷ್ಟು ಕುದಿಸಿದರೂ ಸಾಸ್‌ನಲ್ಲಿ ಹಿಟ್ಟಿನ ರುಚಿ ಹಾಗೇ ಉಳಿಯುತ್ತದೆ.

ಈಗ ಸ್ಟಾಕ್. ಒಂದೇ ಸಲಕ್ಕೆ ಸುರಿಯಬೇಡಿ. ಮೊದಲು ಒಂದು ಸೌಟು ಹಾಕಿ ಮುದ್ದೆ ಬಿಡಿಸಿ, ಇನ್ನೊಂದು ಸೌಟು, ಮತ್ತೊಂದು, ನುಣ್ಣಗಾದ ಮೇಲೆ ಉಳಿದದ್ದೆಲ್ಲ. ಚಕ್ರಮೊಗ್ಗು, ಟೊಮೆಟೊ ಪ್ಯೂರಿ, ಸೋಯಾ, ಸಕ್ಕರೆ ಹಾಕಿ. ಸಣ್ಣಗೆ ಕುದಿಯುತ್ತಾ ಇಪ್ಪತ್ತೈದು ನಿಮಿಷ ಇರಲಿ. ಚಕ್ರಮೊಗ್ಗು ಹತ್ತು ನಿಮಿಷಕ್ಕೇ ತೆಗೆದುಬಿಡಿ, ಕೊನೆತನಕ ಬಿಟ್ಟರೆ ಬಿರಿಯಾನಿ ನೆನಪಾಗುತ್ತದೆ.

ಮಧ್ಯದಲ್ಲಿ ನಮ್ಮಮ್ಮ ವಿಡಿಯೋ ಕಾಲ್ ಮಾಡಿದರೆ ನಡೆಯುವ ಮಾತು ಪ್ರತಿಸಲ ಹೀಗೇ.

"ಅದೇನೇ ಅದು, ಹಿಟ್ಟು ಕದಡಿದ ಸಾರಾ?"

"ಸಾರಲ್ಲಮ್ಮ, ಸಾಸು. ಚಿಪ್ಸ್‌ಗೆ."

"ಒಗ್ಗರಣೆ ಆಯ್ತಾ?"

"ಇದಕ್ಕೆ ಒಗ್ಗರಣೆ ಇಲ್ಲ."

"ಸರಿ ಬಿಡು. ಫ್ರಿಜ್ಜಲ್ಲಿ ಮೊಸರಿದ್ಯಾ?"

ಕುದಿದ ಮೇಲೆ ಸ್ವಲ್ಪ ಆರಲು ಬಿಟ್ಟು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ. ಬಿಸಿ ಬಿಸಿ ಹಾಕಿ ಮುಚ್ಚಳ ಬಿಗಿದರೆ ಹಬೆಗೆ ಮುಚ್ಚಳ ಹಾರಿ ಗೋಡೆಯೆಲ್ಲ ಅರಿಸಿನವಾಗುತ್ತದೆ. ಕೈ ಬ್ಲೆಂಡರ್ ಇದ್ದರೆ ಒಳ್ಳೆಯದು. ಆಮೇಲೆ ಜರಡಿ ಹಿಡಿಯಿರಿ. ಜರಡಿ ಯಾಕೆ, ಮಿಕ್ಸಿ ಸಾಲದಾ ಅಂದರೆ, ಸಾಲದು. ಅಂಗಡಿಯ ಸಾಸ್‌ನಲ್ಲಿ ನಾಲಿಗೆಗೆ ಒಂದು ನಾರೂ ಸಿಗುವುದಿಲ್ಲ, ಆ ನುಣುಪೇ ಅದರ ಅರ್ಧ ರುಚಿ. ಮತ್ತೆ ಒಲೆಗಿಟ್ಟು, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಸುರಿಯುತ್ತಾ ಕೈಯಾಡಿಸಿ. ಮೈದಾ ಇದೆಯಲ್ಲ, ಇದು ಯಾಕೆ? ಮೈದಾ ಮಂದ ಮಾಡುತ್ತದೆ, ಆದರೆ ಮಬ್ಬಾಗಿರುತ್ತದೆ. ಕಾರ್ನ್‌ಫ್ಲೋರ್ ಹೊಳಪು ಕೊಡುತ್ತದೆ. ಚೀನೀ ಟೇಕ್‌ಅವೇ ಹೊಳಪು ಅಂತ ನಾವು ಗುರುತಿಸುವುದು ಅದನ್ನೇ. ಒಂದು ಕುದಿ ಬರಲೇಬೇಕು, ಇಲ್ಲದಿದ್ದರೆ ಪಿಷ್ಟ ಪೂರ್ತಿ ಉಬ್ಬುವುದಿಲ್ಲ. ಸೌಟಿನ ಬೆನ್ನ ಮೇಲೆ ಬೆರಳಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು, ಅದು ಹದ. ಆರಿದ ಮೇಲೆ ಇನ್ನೂ ಮಂದವಾಗುತ್ತದೆ, ಹಾಗಾಗಿ ಒಲೆಯ ಮೇಲಿರುವಾಗ ಸ್ವಲ್ಪ ತೆಳ್ಳಗಿದ್ದರೇ ಸರಿ.

ಈಗ ರುಚಿ ನೋಡಿ. ಉಪ್ಪು ಸಾಲದಿದ್ದರೆ ಮೊದಲು ಸೋಯಾ, ಆಮೇಲೆ ಉಪ್ಪು. ಏನೋ ಕಮ್ಮಿ, ಏನು ಅಂತ ಗೊತ್ತಾಗುತ್ತಿಲ್ಲ ಅನ್ನಿಸಿದರೆ ಕಮ್ಮಿಯಾದದ್ದು ಅಜಿನೊಮೊಟೊ. ಅಂಗಡಿಯ ಪುಡಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ನಾನು ಒಂದು ಚಿಟಿಕೆ ಹಾಕುತ್ತೇನೆ, ಬೇಡದವರು ಬಿಡಿ. ಮಾರ್ಮೈಟ್ (ಯೀಸ್ಟಿನಿಂದ ಮಾಡಿದ ಉಪ್ಪುಪ್ಪಾದ ಕಪ್ಪು ಪೇಸ್ಟ್) ಇದ್ದರೆ ಕಾಲು ಚಮಚ ಕರಗಿಸಿದರೂ ಅದೇ ಕೆಲಸ ಮಾಡುತ್ತದೆ. ಖಾರ ಬೇಕೇ ಬೇಕು ಅನ್ನುವವರು ಬಿಳಿ ಮೆಣಸಿನ ಪುಡಿ ಹಾಕಿ. ಅಚ್ಚಖಾರದ ಪುಡಿಯ ಡಬ್ಬಿ ಮುಟ್ಟಬೇಡಿ, ದಯವಿಟ್ಟು.

ಮಾಡಿದ ಮೇಲೆ ಸ್ಟೌ ಒರೆಸುವ ಬಟ್ಟೆ, ಮರದ ಸೌಟು ಎಲ್ಲ ಹಳದಿ ಆಗಿರುತ್ತದೆ. ಬಟ್ಟೆಗೆ ಬಟ್ಟೆ ಸೋಪು ಹಚ್ಚಿದರೆ ಕಲೆ ಇದ್ದಕ್ಕಿದ್ದ ಹಾಗೆ ಕೆಂಪಾಗುತ್ತದೆ. ಒಮ್ಮೆ ನಮ್ಮ ಮನೆಗೆ ಬಂದ ವೇಲ್ಸ್ ಹುಡುಗಿ ಅದನ್ನು ನೋಡಿ ಕೈ ಕೊಯ್ದುಕೊಂಡೆಯಾ ಅಂತ ಗಾಬರಿಯಾದಳು. ಆರತಿ ತಟ್ಟೆಯಲ್ಲಿ ಅರಿಸಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುವುದೂ ಇದೇ ಕಾರಣಕ್ಕೆ, ಕ್ಷಾರ ಸಿಕ್ಕರೆ ಅರಿಸಿನದ ಬಣ್ಣ ತಿರುಗುತ್ತದೆ. ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಮಾಸುತ್ತದೆ. ಕಾರ್ಡಿಫ್‌ನಲ್ಲಿ ಬಿಸಿಲು ಎಲ್ಲಿ ಸಿಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ, ಇದು ಮುಖ್ಯ. ಇಂಗ್ಲೆಂಡಿನ ಉತ್ತರದಲ್ಲಿ, ಅದರಲ್ಲೂ ಯಾರ್ಕ್‌ಶೈರ್ ಕಡೆ, ಎಷ್ಟೋ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಹೊರಗೆ ಬೋರ್ಡ್ ಹಾಕಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಆದರೆ ಬೋರ್ಡ್ ಓದುವ ಅಭ್ಯಾಸ ನಮಗಿರಬೇಕಲ್ಲ. ಎಣ್ಣೆಯಲ್ಲಿ ಕರಿಯುವ ಕಡೆಯೂ ಮೀನು ಕರಿದ ಎಣ್ಣೆಯಲ್ಲೇ ಚಿಪ್ಸ್ ಕರಿಯಬಹುದು. ಸಾಸ್‌ನಲ್ಲಿ ಚಿಕನ್ ಸ್ಟಾಕ್ ಇರಬಹುದು. ಕೇಳಿ ತಿಳಿದುಕೊಳ್ಳಿ, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಕೇಳಿಟ್ಟುಕೊಂಡರೆ ಒಳ್ಳೆಯದು. ನಾನು ಇದನ್ನು ಮನೆಯಲ್ಲಿ ಮಾಡಲು ಶುರು ಮಾಡಿದ್ದಕ್ಕೆ ಅರ್ಧ ಕಾರಣ ಇದೇ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಬ್ರಿಟಿಷ್ ಟೇಕ್‌ಅವೇ ಕರಿ ಅಂದರೆ ಕೆಲವರಿಗೆ ಈ ಸಾಸ್, ಇನ್ನು ಕೆಲವರಿಗೆ 'ಇಂಡಿಯನ್' ಅಂತ ಬೋರ್ಡ್ ಹಾಕಿದ ಕರಿ ಹೌಸ್‌ನ ಊಟ. ಎರಡೂ ಬೇರೆ. ಕರಿ ಹೌಸ್‌ನ ಕಥೆ ಇನ್ನೂ ಹಳೆಯದು. ಪಾಟ್ನಾದ ಶೇಖ್ ದೀನ್ ಮಹಮ್ಮದ್ 1810ರಲ್ಲೇ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದಿದ್ದ, ಎರಡು ವರ್ಷಕ್ಕೆ ದಿವಾಳಿಯಾದ. ವೀರಸ್ವಾಮಿ ಹೋಟೆಲು 1926ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟ್‌ನಲ್ಲಿ ಶುರುವಾಯಿತು. ಆದರೆ ಊರೂರಿಗೆ ಕರಿ ಹೌಸ್ ತಂದವರು ಸಿಲ್ಹೆಟ್‌ನವರು, ಅಂದರೆ ಈಗಿನ ಬಾಂಗ್ಲಾದೇಶದವರು. ಹಡಗಿನಲ್ಲಿ ಕೆಲಸಕ್ಕೆ ಬಂದು ಇಲ್ಲೇ ಇಳಿದವರು, ಅವರ ಹಿಂದೆ ಬಂದ ನೆಂಟರು.

ಅವರ ಗುಟ್ಟು ಬೇಸ್ ಗ್ರೇವಿ. ಬಹುಪಾಲು ಈರುಳ್ಳಿ, ಜೊತೆಗೆ ಒಂದು ಕ್ಯಾರೆಟ್, ಒಂಚೂರು ದಪ್ಪಮೆಣಸಿನಕಾಯಿ, ಎಲೆಕೋಸು, ಶುಂಠಿ-ಬೆಳ್ಳುಳ್ಳಿ, ಸ್ವಲ್ಪ ಟೊಮೆಟೊ, ಅರಿಸಿನ, ಜೀರಿಗೆ, ಕೊತ್ತಂಬರಿ, ಧಾರಾಳ ಎಣ್ಣೆ, ನೀರು. ಗಂಟೆಗಟ್ಟಲೆ ಬೇಯಿಸಿ, ರುಬ್ಬಿ, ಮತ್ತೆ ಎಣ್ಣೆ ತೇಲುವವರೆಗೆ ಕುದಿಸುತ್ತಾರೆ. ಅದನ್ನೇ ತಿಂದರೆ ಏನೂ ರುಚಿ ಇಲ್ಲ, ತೆಳ್ಳಗೆ ಈರುಳ್ಳಿ ನೀರು. ಆರ್ಡರ್ ಬಂದಾಗ ಅಲ್ಯುಮಿನಿಯಂ ಬಾಣಲೆಯನ್ನು ದೊಡ್ಡ ಉರಿಗಿಟ್ಟು, ಎಣ್ಣೆಯಲ್ಲಿ ಬೆಳ್ಳುಳ್ಳಿ, ಟೊಮೆಟೊ ಪೇಸ್ಟ್, ಮಸಾಲೆ ಪುಡಿ ಹುರಿದು, ಒಂದು ಸೌಟು ಬಿಸಿ ಗ್ರೇವಿ ಹಾಕುತ್ತಾರೆ. ಅದು ಬಾಣಲೆಯ ಅಂಚಿಗೆ ಅಂಟಿ ಸೀಯಲು ಹೊರಟಾಗ ಕೆರೆದು ಒಳಗೆ ಸೇರಿಸುತ್ತಾರೆ, ಮತ್ತೆ ಒಂದು ಸೌಟು, ಮತ್ತೆ ಕೆರೆತ. ಆ ಅಂಚಿನಲ್ಲಿ ಕಂದಾಗುವ ಗ್ರೇವಿಯೇ ಕರಿ ಹೌಸ್‌ನ ಹೊಗೆ-ಹೊಗೆ ರುಚಿ. ಕೆನೆ, ತೆಂಗಿನಕಾಯಿ ಸೇರಿದರೆ ಕೊರ್ಮಾ, ಮೆಣಸಿನಪುಡಿ ಸೇರಿದರೆ ಮದ್ರಾಸ್, ಇನ್ನೂ ಸೇರಿದರೆ ವಿಂದಾಲೂ. ಹತ್ತು ನಿಮಿಷಕ್ಕೆ ಒಂದು ಪ್ಲೇಟು. ಜಾಣತನ ಅಂದರೆ ಜಾಣತನವೇ. ಅಲ್ಲಿ ಈರುಳ್ಳಿ ಗ್ರೇವಿ ದೊಡ್ಡ ಉರಿಯಲ್ಲಿ ಕಂದಾಗಬೇಕು, ನಮ್ಮ ಸಾಸ್‌ನಲ್ಲಿ ಈರುಳ್ಳಿ ಕಂದಾಗಲೇಬಾರದು. ಅದನ್ನು ಮನೆಯಲ್ಲಿ ಮಾಡುವುದು ಬೇರೆಯೇ ಕೆಲಸ, ಒಂದು ದಿನ ರಜಾ ಬೇಕು, ಸ್ಮೋಕ್ ಅಲಾರಂ ಜೊತೆ ಜಗಳವೂ ಆಗುತ್ತದೆ. ಚಿಪ್ ಅಂಗಡಿಯ ಸಾಸ್‌ಗೆ ಒಂದು ಗಂಟೆ, ಒಂದು ಪಾತ್ರೆ ಸಾಕು.

ಉಳಿದರೆ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ, ಮಾರನೆಯ ದಿನ ರುಚಿ ಇನ್ನೂ ಕೂಡಿಕೊಂಡಿರುತ್ತದೆ. ಗಟ್ಟಿಯಾಗಿ ಬಟ್ಟಲಿಗೆ ಅಂಟಿ ಕೂತಿರುತ್ತದೆ, ಹೆದರಬೇಡಿ, ಸ್ವಲ್ಪ ಬಿಸಿನೀರು ಹಾಕಿ ಕಲಕಿದರೆ ಸರಿಹೋಗುತ್ತದೆ. ಬೇಯಿಸಿದ ಮೊಟ್ಟೆ ಎರಡು ಸೀಳಿ ಹಾಕಿದರೆ ಅನ್ನಕ್ಕೆ ಚೆನ್ನ. ಬಟಾಣಿ ಹಾಕಿ ಒಂದು ಕುದಿ ಕೊಟ್ಟರೆ ಬನ್ನಿಗೂ ಆಗುತ್ತದೆ. ಚಪಾತಿಗೆ ಮಾತ್ರ ನನಗೆ ಹಿಡಿಸಲಿಲ್ಲ, ದೋಸೆಗೆ ನೆಂಚಿಕೊಳ್ಳಲು ನೋಡುವವರು ನೋಡಬಹುದು, ನನ್ನ ಒಪ್ಪಿಗೆ ಇಲ್ಲ.

ಇನ್ನು ಕರಿ ಸಾಸ್ ಇದ್ದಾಗ ಚಿಪ್ಸ್‌ಗೆ ವಿನೆಗರ್ ಹಾಕಬೇಕಾ ಬೇಡವಾ ಅಂತ ಇಲ್ಲಿ ಮನೆ ಮನೆಯಲ್ಲೂ ಜಗಳ. ಹಾಕಿ. ಆದರೆ ಸಾಸ್ ಸುರಿಯುವ ಮೊದಲು, ಚಿಪ್ಸ್ ಇನ್ನೂ ಬಿಸಿ ಇರುವಾಗ, ಕಂದು ಬಣ್ಣದ ಮಾಲ್ಟ್ ವಿನೆಗರ್. ಆಮೇಲೆ ಸಾಸ್ ಸುರಿದು ಬೇಗ ತಿನ್ನಿ, ಐದು ನಿಮಿಷ ಕಳೆದರೆ ಚಿಪ್ಸ್ ಮೆತ್ತಗಾಗುತ್ತವೆ.